ಹಾರವಾಡ ಒಂದು, ಬೆಳಂಬಾರ ಎರಡು

ನಿನ್ನೆ ಫ್ರಿಜ್ಜಿನ ಮೂಲೆಯಲ್ಲಿದ್ದ ಮುರುಗಲು ರಸದ ಬಾಟಲಿ ತೆರೆದು ಮೂಸಿದೆ. ಆ ಹುಳಿ ವಾಸನೆಗೆ ನಿಮಗೆ ಅಜ್ಜಿಯ ಅಡುಗೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಕಾರವಾರದ ನಮ್ಮ ಭಾವನ ಬಾರು. ನನ್ನ ಸಂಸ್ಕಾರವೇ ಅಷ್ಟು.

ಇಸವಿ ಎರಡು ಸಾವಿರದ ನಾಲ್ಕೋ ಐದೋ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ; ನೀವೂ ಸ್ವಲ್ಪ ಸೋಡಾ ಬೆರೆಸಿಕೊಂಡೇ ಓದಿ. ಬೈತಖೋಲ ಮೀನು ಬಂದರಿನ ಹತ್ತಿರದ ಆ ಬಾರಿಗೆ ನನ್ನ ಗೆಳೆಯ ಮೋಹನ ಆಗಷ್ಟೇ ಸೇರಿದ್ದ. ವರ್ಷಗಟ್ಟಲೆ ಪ್ರವಾಸಿ ಹಡಗುಗಳಲ್ಲಿ ಕಾಕ್‌ಟೇಲು ಬೆರೆಸಿದವನು. ರಜೆಗೆ ಬಂದಾಗ ಪುಟ್ಟ ಮಗಳು ಅವನನ್ನು ‘ಮಾಮಾ’ ಎಂದು ಕರೆದಿದ್ದಳು. ಹಡಗು ಸಾಕು ಎನಿಸಲು ಅಷ್ಟು ಸಾಲದೇ? ಆದರೆ ಭಾವನದೊಂದು ಕರಾರಿತ್ತು: “ಮಳೆಗಾಲ ಶುರು ಆಗೂದ್ರೊಳಗೆ ನಿನ್ನ ಕಾಕ್‌ಟೇಲು ಓಡಿದ್ರೆ ಇರು. ಇಲ್ದಿದ್ರೆ ಮತ್ತೆ ಹಡಗು ಹತ್ತು.”

“ಧಾರವಾಡದಲ್ಲಿ ಎಂ.ಎ. ಮಾಡ್ದವ ನೀನು. ಚಲೋ ಹೆಸರು ಇಟ್ಕೊಡು ಮಾರಾಯಾ,” ಎಂದ ಮೋಹನ.

ಇಟ್ಟೆ. ಮಂದಾಕಿನಿ, ಅರುಣೋದಯ. ಭಾವ ಬಣ್ಣದಲ್ಲಿ ಬೋರ್ಡು ಬರೆಸಿದರು. ಯಾರೂ ಮುಟ್ಟಲಿಲ್ಲ. ಕೊನೆಗೆ ಬೆಳಂಬಾರದ ಒಬ್ಬ ತಾಂಡೇಲ, ಟ್ರಾಲರ್ ನಡೆಸುವವನು, ಬೋರ್ಡು ಓದಿ ನಿಟ್ಟುಸಿರು ಬಿಟ್ಟ: “ಮಂದಾಕಿನಿ ನಮ್ಮ ಅತ್ತೆ ಹೆಸ್ರು. ಅವಳಿಗೆ ಐಸ್ ಹಾಕಿ ಕುಡೂದು ಹ್ಯಾಂಗೆ? ಅರುಣೋದಯ ಹೋದ ವರ್ಷ ಮುಳುಗಿದ ಬೋಟು. ಅದ್ನ ನಾವು ಬಾಯಲ್ಲೂ ಹೇಳೂದಿಲ್ಲ.”

ಬಾರು ಬಿದ್ದು ಬಿದ್ದು ನಕ್ಕಿತು. ಮೋಹನ ನಗಲಿಲ್ಲ.

ಆ ತಾಂಡೇಲ ಅಷ್ಟಕ್ಕೇ ಬಿಡದೆ ಪಕ್ಕದ ಮೇಜಿನ ಹಾರವಾಡದವನ ಜೊತೆ ಯಾವ ಊರಿನವರ ಬಲೆ ಜೋರು ಎಂದು ವಾದಕ್ಕಿಳಿದ. ಅದನ್ನು ಕೇಳುತ್ತಲೇ ನಾನೆದ್ದು ಬೋರ್ಡು ತಿರುಗಿಸಿ, ಹಿಂಬದಿಗೆ ಸೀಮೆಸುಣ್ಣದಲ್ಲಿ ಎರಡು ಊರಿನ ಹೆಸರು ಬರೆದೆ. ಮುರುಗಲು, ಜಿನ್ನು, ಹಸಿಮೆಣಸು: ಹಾರವಾಡ. ಕರಿ ಇಶಾಡ ಮಾವಿನ ರಸಕ್ಕೆ ರಮ್ಮು: ಬೆಳಂಬಾರ. ಬರೆದದ್ದು ನಾನೇ ಎಂದು ನನ್ನ ನೆನಪು ಹೇಳುತ್ತದೆ. ಅದಕ್ಕೆ ನನ್ನನ್ನು ಹೊಗಳುವ ಚಟವೂ ಇದೆ.

ತಾಂಡೇಲ ಒಂದು ಬೆಳಂಬಾರ ತರಿಸಿ ಗುಟುಕರಿಸಿದ. “ಹಾರವಾಡ ಇದ್ಕಿಂತ ಕಡಕ್ ಅದ್ಯಾ?”

“ಕುಡ್ದು ನೋಡು,” ಎಂದ ಪಕ್ಕದ ಮೇಜಿನವನು. “ನಿಮ್ಮದು ಮಕ್ಕಳ ಟಾನಿಕ್ಕು.”

ಸಾಕಿತ್ತು. ಯುದ್ಧ ಶುರುವಾಯಿತು. “ಬೆಳಂಬಾರ ಎರಡು!” “ಹಾರವಾಡ ನಾಲ್ಕು ತಾ ಮಾರಾಯಾ!” ಮೋಹನನ ಕೈ ನಿಲ್ಲಲಿಲ್ಲ. ಮರುದಿನ ಬೋರ್ಡಿನ ಮೇಲೆ ತಮ್ಮೂರಿಲ್ಲ ಎಂದು ಮಾಜಾಳಿಯವರು ಜಗಳಕ್ಕೇ ಬಂದರು. ಅವರಿಗೂ ಒಂದು ಹುಟ್ಟಿತು. ಮೊದಲ ಮಳೆ ಬಿದ್ದ ಸಂಜೆ ಹಡಗಿನ ಏಜೆಂಟನ ಫೋನು ಬಂದಾಗ ಭಾವನೇ ಎತ್ತಿಕೊಂಡು, “ಮೋಹನಗೆ ಪುರಸೊತ್ತಿಲ್ಲ. ಇನ್ನು ಆಗೂದೂ ಇಲ್ಲ,” ಎಂದು ಇಟ್ಟರು. ಮೋಹನ ಗ್ಲಾಸು ಒರೆಸುತ್ತಲೇ ಇದ್ದ, ಒಂದೇ ಗ್ಲಾಸನ್ನು, ಬಹಳ ಹೊತ್ತು.

ಇದೆಲ್ಲ ನಿಜವೇ ಎಂದು ನಿನ್ನೆ ಅವನಿಗೇ ಫೋನು ಮಾಡಿದೆ. “ಅರ್ಧ ನಿನ್ನ ಕತೆ. ಹೆಸ್ರು ಮಾತ್ರ ನೀನೇ ಇಟ್ಟದ್ದು,” ಎಂದ. ಹಿಂದೆ ಗ್ಲಾಸುಗಳ ಸದ್ದು, ಯಾರೋ ಊರೊಂದನ್ನು ಕೂಗುವುದು ಕೇಳುತ್ತಿತ್ತು. ಊರಿನ ಅಭಿಮಾನವೆಂದರೆ ಮೂಗು ಮುರಿಯುವ ನಾನು ತಡೆಯಲಾರದೆ ಕೇಳಿದೆ: “ನಮ್ಮೂರು ಅವರ್ಸಾ ಅದ್ಯಾ?”

“ಅದೆ. ಸ್ವಲ್ಪ ಸಪ್ಪೆ.”

“ಎಂತಕ್ಕೆ ಸಪ್ಪೆ?” ಎಂದು ನಾನು ಕೂಗಿದ್ದಕ್ಕೆ ಮನೆಯವರೆಲ್ಲ ಹೊರಗೆ ಬಂದರು. “ನಾಳೆ ಬತ್ತೆ ನಾನು. ನನ್ನೆದುರಿಗೇ ಬೆರೆಸು!”