ಹೊತ್ತು ಮುಳುಗಿದ ಮೇಲಿನ ತುತ್ತು

ಹುಕ್ಕೇರಿಯ ನಮ್ಮ ಮನೆಯಲ್ಲಿ ಗಡಿಯಾರ ನಿಂತರೂ ನಡೆದೀತು, ಅತ್ತೆಯ ಊಟ ಸೂರ್ಯನಿಗಿಂತ ಒಂದು ನಿಮಿಷ ತಡವಾಗುವ ಹಾಗಿಲ್ಲ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾನೂ ಜೈನರ ಮಗಳೇ. ಆದರೆ ನಾಗನೂರಿನ ನನ್ನ ತವರಿನಲ್ಲಿ ಇಷ್ಟು ಬಿಗಿ ಇರಲಿಲ್ಲ. ಕಬ್ಬಿನ ಹೊಲದಿಂದ ದಣಿದು ಬಂದವರಿಗೆ ಅವ್ವ ಹೊತ್ತು ಗೊತ್ತು ನೋಡದೆ ಬಡಿಸುತ್ತಿದ್ದಳು. ಮದುವೆಯಾದ ಮೇಲೆ ಹದಿನೈದು ವರ್ಷ ಹಲ್ಲು ಕಚ್ಚಿ ಈ ನೇಮ ಪಾಲಿಸಿದ್ದೆ. ಮಗಳು ಜುಡೋ ಕಲಿಯಲು ಶುರು ಮಾಡಿದ ಮೇಲೆ ನನ್ನ ಸಹನೆ ಕೈಕೊಟ್ಟಿತು.

ಅವಳ ಅಭ್ಯಾಸ ಮುಗಿಯುವುದು ಸಂಜೆ ಏಳಕ್ಕೆ. ಹದಿಮೂರರ ಹುಡುಗಿ ಬೆವರಿಳಿಸಿಕೊಂಡು ಬಂದರೆ ಒಲೆ ಆರಿರುತ್ತಿತ್ತು. "ಮುಂಜಾನಿ ಉಣ್ಣಲಿ, ಒಂದ ರಾತ್ರಿಗೆ ಏನ ಆಗೂದಿಲ್ಲ" ಎನ್ನುತ್ತಿದ್ದರು ಅತ್ತೆ. ನನ್ನ ಗಂಡ ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದರು, ಅವರ ಶೌರ್ಯ ಅಷ್ಟೇ. ನಾನು ಒಣಗಿದ ಬಟ್ಟೆ ತರುವ ನೆಪದಲ್ಲಿ ಮಗಳನ್ನು ಮಾಳಿಗೆಗೆ ಕರೆದೊಯ್ದು, ನೀರಿನ ಟ್ಯಾಂಕಿನ ಹಿಂದೆ ಕೂರಿಸಿ ಎರಡು ಶೇಂಗಾ ಉಂಡಿ, ಒಂದು ಬಾಳೆಹಣ್ಣು ತಿನ್ನಿಸುತ್ತಿದ್ದೆ. ಹಗಲೆಲ್ಲ ಕಣಗಲಾ ಊರಿನ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪಾಠ ಮಾಡಿ ಬಂದವಳು ನಾನು.

ಆ ದಿನಗಳಲ್ಲೇ ಕೋಚ್ ಮನೆಗೆ ಬಂದರು. "ಕ್ರೀಡಾ ಹಾಸ್ಟೆಲಿಗೆ ಗೋಕಾಕದಾಗ ಆಯ್ಕೆ ನಡೀತೈತ್ರಿ. ನಿಮ್ಮ ಹುಡುಗಿ ಖರೆ ಚಲೋ ಆಡ್ತಾಳ. ಕಳಸ್ರಿ" ಎಂದರು. ಮಗಳ ಕಣ್ಣು ಅರಳಿತು. ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ಅಲ್ಲಿ ರಾತ್ರಿ ಊಟ ಎಷ್ಟಕ್ಕ ಕೊಡ್ತಾರ?"

"ಎಂಟಕ್ಕರಿ."

"ಹಂಗಾರ ಬ್ಯಾಡ."

ಮಾತು ಅಲ್ಲಿಗೆ ಮುಗಿಯಿತು. ಮಗಳು ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಫೋನಿನಲ್ಲಿ ಒಂದು ಕೊರಿಯನ್ ಧಾರಾವಾಹಿ ಹಚ್ಚಿಕೊಂಡು ಕೂತಳು. ಹಿಂದಿಗೆ ಡಬ್ ಆದದ್ದು. ಕ್ರೀಡಾ ಶಾಲೆಯೊಂದರಲ್ಲಿ ಜುಡೋ ಆಡುತ್ತ ಬೆಳೆಯುವ ಹುಡುಗ ಹುಡುಗಿಯರ ಕಥೆ. ಇದರಲ್ಲೇನಿದೆ ಎಂದು ಮೂಗು ಮುರಿದವಳು ನಾನೇ. ಎರಡು ಕಂತು ಕಳೆಯುವುದರೊಳಗೆ ಅವಳ ಪಕ್ಕ ಅಂಟಿಕೊಂಡು ಕೂತಿದ್ದೆ. ಕೋಳಿ ಕೂಗುವ ಮೊದಲೇ ಎದ್ದು, ಗೆಳತಿಯನ್ನು ಬೆನ್ನ ಮೇಲೆ ಹೊತ್ತು ನೂರಾರು ಮೆಟ್ಟಿಲು ಹತ್ತುತ್ತವೆ ಆ ಮಕ್ಕಳು. ಸೋತು ಅಳು ಒತ್ತರಿಸಿ ಬರುತ್ತಿದ್ದರೂ ಗೆದ್ದವರಿಗೆ ಬಾಗಿ ನಮಸ್ಕರಿಸಿಯೇ ಚಾಪೆ ಇಳಿಯುತ್ತವೆ. ಹಾಲು ಹಲ್ಲು ಬಿದ್ದು ನಾಲ್ಕು ದಿನ ಆಗಿಲ್ಲ, ಇಷ್ಟು ಗಟ್ಟಿತನ ಎಲ್ಲಿಂದ ಬಂತು ಇವಕ್ಕೆ ಎಂದು ನಾನು ಬೆರಗಾಗಿ ನೋಡುತ್ತಿದ್ದೆ.

ಅತ್ತೆ ಜಪಮಣಿ ಹಿಡಿದು ನಮ್ಮ ಹಿಂದೆ ಕೂರುತ್ತಿದ್ದರು. ಮರಾಠಿ ಬಲ್ಲವರು, ಹಿಂದಿ ಅರ್ಧಕ್ಕರ್ಧ ತಿಳಿಯುತ್ತದೆ. ಮೊದಮೊದಲು ಬರೀ ಆ ಹುಡುಗಿಯರ ಗಿಡ್ಡ ಕೂದಲಿನ ವಿಚಾರಣೆ ನಡೆಯಿತು. ಒಂದು ಸಂಜೆ ಕಥೆಯ ಹುಡುಗಿ ಪಂದ್ಯಕ್ಕೆ ಮೊದಲು ತೂಕ ಇಳಿಸಲು ಉಪವಾಸ ಕೂತಳು. ಜೊತೆಯವರೆಲ್ಲ ಎದುರಿಗೇ ಉಣ್ಣುತ್ತಿದ್ದರು. ಅವಳು ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ಹನಿಯೂ ನುಂಗದೆ ಉಗುಳಿದಳು.

ಹಿಂದೆ ಜಪಮಣಿಯ ಸದ್ದು ನಿಂತಿತು. "ಅಕಿ ಯಾವ ವ್ರತ ಹಿಡದಾಳ?"

"ವ್ರತ ಅಲ್ಲ ಆಯಿ" ಎಂದಳು ಮಗಳು. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುವುದು. "ತೂಕ ಜಾಸ್ತಿ ಆದ್ರ ಆಡಾಕ ಬಿಡೂದಿಲ್ಲ."

"ನೀರ ಸೈತ ನುಂಗಲಿಲ್ಲ. ಇದಕ್ಕ ವ್ರತ ಅನ್ನದ ಮತ್ತೇನಂತಾರ? ಅಕೀಗಿ ಪಾರಣಿ ಯಾರ ಮಾಡಸ್ತಾರ?"

ನಮ್ಮಲ್ಲಿ ಉಪವಾಸ ಮುಗಿಸಿದವರು ತಾವಾಗಿ ಉಣ್ಣುವುದಿಲ್ಲ. ಮನೆಯವರು ಕೈಯಾರೆ ಮೊದಲ ಗುಟುಕು ಕುಡಿಸಬೇಕು, ಅದೇ ಪಾರಣೆ. ಧಾರಾವಾಹಿಯಲ್ಲಿ ತೂಕ ನೋಡಿ ಮುಗಿದ ಮೇಲೆ ಆ ಹುಡುಗಿ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅನ್ನದ ಉಂಡೆ ತಿಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರೂ ಬರಲಿಲ್ಲ ನೋಡ" ಎಂದರು.

ಆಯ್ಕೆಯ ದಿನ ಹತ್ತಿರ ಬಂತು. ತವರಿಗೆ ಹೋಗಿ ಬರುತ್ತೇವೆ ಎಂದು ಸುಳ್ಳು ಹೇಳಿ ಮಗಳನ್ನು ಗೋಕಾಕಕ್ಕೆ ಕರೆದೊಯ್ಯುವುದೆಂದು ನಿಶ್ಚಯಿಸಿದೆ. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಅತ್ತೆ ಕೈಚೀಲ ಹಿಡಿದು ಹೊರಬಂದರು.

"ಗೋಕಾಕಕ್ಕ ನಾನೂ ಬರ್ತೇನಿ."

ಮಗಳು ಅಜ್ಜಿಯ ಮುಂದೆ, ತನ್ನ ತೂಕದ ಚಿಂತೆಯೂ ಸೇರಿ, ಎಲ್ಲ ಬಾಯಿಬಿಟ್ಟಿದ್ದಳು. ತಡೆಯಲೆಂದೇ ಬರುತ್ತಿದ್ದಾರೆ ಎಂದುಕೊಂಡೆ. ಬಸ್ಸಿನುದ್ದಕ್ಕೂ ಜಗಳದ ಮಾತು ಜೋಡಿಸಿಕೊಳ್ಳುತ್ತ ಹೋದೆ.

ಅಲ್ಲಿ ಮೊದಲ ಸಲ ತೂಗಿದಾಗ ಮಗಳು ತನ್ನ ಗುಂಪಿನ ಮಿತಿಗಿಂತ ತುಸು ಹೆಚ್ಚಿದ್ದಳು. ಮಧ್ಯಾಹ್ನ ಉಣ್ಣದಿರಲಿ, ನಾಲ್ಕಕ್ಕೆ ಮತ್ತೆ ತೂಗುತ್ತಾರೆ ಎಂದರು ಕೋಚ್. ಬೆಳೆಯುವ ಮಗುವನ್ನು ಉಪವಾಸ ಕೆಡವುತ್ತೀರಾ ಎಂದು ಅವರ ಮೇಲೆ ಹರಿಹಾಯ್ದೆ. ಮಗಳೇ ನನ್ನನ್ನು ಸುಮ್ಮನಿರಿಸಿದಳು. ನಾಲ್ಕು ಐದಾಯಿತು, ಐದು ಆರಾಯಿತು, ಸರತಿ ಕರಗಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕದಲದೆ ಕೂತಿದ್ದರು. ಮಗಳು "ಆತು! ತೂಕ ಸರಿ ಆತು!" ಎಂದು ಓಡಿ ಬಂದಾಗ ಹೊತ್ತು ಮುಳುಗಿ ದೀಪ ಹತ್ತಿದ್ದವು. ನನ್ನ ಚೀಲದಲ್ಲಿ ಉಂಡಿಗಳಿದ್ದವು. ಅತ್ತೆಯ ಎದುರು ತೆಗೆಯಲು ಕೈ ಏಳಲಿಲ್ಲ.

ಅತ್ತೆ ತಮ್ಮ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಅದರಲ್ಲಿ ಹೆಸರುಬೇಳೆ ಬೇಯಿಸಿ ಬಸಿದ ಕಟ್ಟು ಇತ್ತು. ಮುಚ್ಚಳಕ್ಕೆ ಸುರಿದು ಮೊಮ್ಮಗಳ ಬಾಯಿಗೆ ಹಿಡಿದರು.

"ಆಯಿ, ಹೊತ್ತ ಮುಳಗೇತಿ."

"ಮುಳಗಲಿ. ಇಷ್ಟ ಕಷ್ಟಾ ಬಿದ್ದಾಕೀಗಿ ಪಾರಣಿ ಮಾಡಸಾಕ ಯಾರೂ ಇಲ್ಲೇನ? ಕುಡಿ." ಆಮೇಲೆ ನನ್ನ ಕಡೆ ತಿರುಗದೆಯೇ, "ನಿನ್ನ ಉಂಡೀನೂ ತಗಿ. ಎಷ್ಟ ದಿನಾ ಅಂತ ನೀರಿನ ಟಾಕೀ ಹಿಂದ ಕೊಡ್ತಿ?" ಎಂದರು.

ಜೋಡಿಸಿಕೊಂಡಿದ್ದ ಜಗಳದ ಮಾತು ಒಂದೂ ಬೇಕಾಗಲಿಲ್ಲ. ನಗುತ್ತಲೇ ಅತ್ತುಬಿಟ್ಟೆ. ಒಂದು ಉಂಡಿಯನ್ನು ಅತ್ತೆಗೂ ಕೊಡಹೋದೆ. ಬೇಡವೆಂದರು. ಮೊಮ್ಮಗಳು ಹಸಿದಿದ್ದಾಳೆಂದು ಅವರೂ ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಈಗ ಅವರ ಪಾಲಿಗೆ ಹೊತ್ತು ಮುಳುಗಿತ್ತು. ಆ ರಾತ್ರಿ ಉಳಿಯಲು ನಾಗನೂರಿನ ತವರಿಗೆ ಹೋದೆವು, ಅಲ್ಲಿ ನನ್ನ ಅವ್ವ ಎಷ್ಟು ಬೇಡಿಕೊಂಡರೂ ಅತ್ತೆ ನೀರು ಸಹ ಕುಡಿಯಲಿಲ್ಲ.

ಮರುದಿನ ಪಂದ್ಯ ಆಡಿ ಮಗಳು ಆಯ್ಕೆಯಾದಳು. ಈಗ ಹಾಸ್ಟೆಲಿನಲ್ಲಿದ್ದಾಳೆ. ದಿನಾ ಎಂಟೂವರೆಗೆ ಫೋನು ಮಾಡಿ "ಉಂಡೆ ಆಯಿ" ಎನ್ನುತ್ತಾಳೆ. ಏನು ಉಂಡೆ, ಎಷ್ಟು ಉಂಡೆ ಎಂದು ಅತ್ತೆ ಕೆದಕಿ ಕೆದಕಿ ಕೇಳುತ್ತಾರೆ. ಅವಳು ಹೋದಾಗಿನಿಂದ ಅತ್ತೆಯ ಸಂಜೆಯ ತಾಟು ಗೋಡೆಯ ಮಾಡದಿಂದ ಇಳಿದೇ ಇಲ್ಲ, ಮಧ್ಯಾಹ್ನದ ಒಂದೇ ಊಟ. ಅದು ನನಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು. ಯಾಕೆ ಎಂದು ಕೇಳಿದೆ.

"ಅಕಿ ಬಿಟ್ಟ ನೇಮಾ ಮನ್ಯಾಗ ಯಾರರ ಹಿಡೀಬೇಕಲ್ಲ" ಎಂದರು.