ಸೀರೆಯಂತೆ ಮಡಚಿದ ಸೋಲಾರ್ ಹಾಳೆ

ರಬಕವಿಯ ನಮ್ಮ ಮನೆಯಲ್ಲಿ ಅತ್ತೆಯ ಕುಣಿಮಗ್ಗ ಇದ್ದದ್ದು ಒಳಗಿನ ಕೋಣೆಯಲ್ಲಿ. ಅಲ್ಲಿ ಕಿಟಕಿ ಇರಲಿಲ್ಲ. ಹಗಲು ಕರೆಂಟ್ ಹೋದರೆ ಅಂಚಿನ ಎಳೆ ಕಾಣದೆ ಅತ್ತೆ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂರುತ್ತಿದ್ದರು. ನನ್ನ ಮನೆಯವರಿಗೋ ಆ ಜಾಗದಲ್ಲಿ ಪವರ್‌ಲೂಮ್ ಹಾಕುವ ಆಸೆ.

"ಕಾಣಲಾರದ ಮಗ್ಗ ಯಾಕ ಬೇಕ ಯವ್ವಾ? ತಗದಬಿಡೂಣು."

"ಕರೆಂಟ್ ಹೋದಾಗ ನಿನ್ನ ಪವರ್‌ಲೂಮ ಏನ ಭಜನಿ ಮಾಡತೈತೇನಲೇ?"

ಆ ದಿನಗಳಲ್ಲೇ ಜಮಖಂಡಿಯ ವ್ಯಾಪಾರಿಯೊಬ್ಬ ತೆಳ್ಳನೆಯ ಸೋಲಾರ್ ಹಾಳೆ ಹಿಡಿದು ನಮ್ಮ ಓಣಿಗೆ ಬಂದ. ಗಾಜಿಲ್ಲ, ಚೌಕಟ್ಟಿಲ್ಲ, ಪತ್ರಿಕೆ ಛಾಪಿಸುವ ಹಾಗೆ ಪ್ಲಾಸ್ಟಿಕ್ ಮೇಲೆ ಮಸಿ ಛಾಪಿಸಿ ಮಾಡಿದ್ದಂತೆ. ಜೊತೆಗಿನ ಬ್ಯಾಟರಿಯೂ ಹಾಗೇ ಛಾಪಿಸಿದ್ದು, ಹಪ್ಪಳದಷ್ಟು ತೆಳುವು. ಹಾಳೆಯನ್ನು ಸೆರಗಿನಂತೆ ಹೆಗಲಿಗೆ ಹಾಕಿಕೊಂಡು ತಿರುಗಿ ತೋರಿಸಿದ.

"ಸೀರಿಗತೆ ಮಡಚಿ ಇಡ್ರಿ ಆಯಿ, ಏನೂ ಆಗೂದಿಲ್ಲ."

ಅತ್ತೆ ಆ ಮಾತನ್ನು ಹಾಗೇ ನಂಬಿ ಹಾಳೆ, ಬ್ಯಾಟರಿ, ಮಗ್ಗದ ಮೇಲೆ ತೂಗುಹಾಕುವ ದೀಪ ಕೊಂಡರು. ಬೆಳಗ್ಗೆ ಹಾಳೆಯನ್ನು ಮಾಳಿಗೆಯ ಮೇಲೆ ಹಾಸಿ, ಮಂಗಗಳಿಗೆ ಹೆದರಿ ಸಂಜೆ ಇಳಿಸುತ್ತಿದ್ದರು. ಮಗ್ಗದಿಂದ ಬಿಚ್ಚಿದ ಹೊಸ ಸೀರೆಯನ್ನು ಮಡಚುವ ಕ್ರಮವೇ ಇದಕ್ಕೂ. ನಾನು ಒಂದು ತುದಿ ಹಿಡಿಯಬೇಕು. ಅವರು ಮೂಲೆಗೆ ಮೂಲೆ ಕೂಡಿಸಿ, ಅಂಗೈಯಿಂದ ಗೆರೆ ತೀಡಿ, ಮೇಲೆ ಮಣೆ ಹೇರುತ್ತಿದ್ದರು. ಕರೆಂಟ್ ಇಲ್ಲದ ಹೊತ್ತಿನಲ್ಲೂ ಒಳಗಿನಿಂದ ಲಾಳಿಯ ಸದ್ದು ಕೇಳುತ್ತಿತ್ತು. ಮನೆಯವರು ಪವರ್‌ಲೂಮಿನ ಮಾತು ಬಿಟ್ಟರು.

ಮಳೆಗಾಲ ಬರುವ ಮೊದಲೇ ದೀಪ ಮಂಕಾಯಿತು. ಹಾಳೆ ಬಿಚ್ಚಿ ನೋಡಿದರೆ ಮಡಚಿದ ಕಡೆಯಲ್ಲೆಲ್ಲ ಕರೆಂಟ್ ಹರಿಯುವ ಬೆಳ್ಳಿಗೆರೆಗಳು ತುಂಡಾಗಿ, ಮಸಿ ಹುಣ್ಣಿನ ಹಕ್ಕಳೆಯಂತೆ ಏಳುತ್ತಿತ್ತು. ಬ್ಯಾಟರಿ ಪೂರಿಯಂತೆ ಉಬ್ಬಿ, ಒಡೆದು, ಅದರ ಅಂಟು ರೇಷ್ಮೆ ನೂಲಿನ ಮೇಲೆ ಸೋರಿತ್ತು. ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಎಷ್ಟು ತೊಳೆದರೂ ಕೈಯಿಂದ ಹೋಗದೆ, ಅವತ್ತು ರೊಟ್ಟಿ ಬಡಿಯಲು ನನಗೆ ಅಸಹ್ಯವಾಯಿತು.

ಆ ವ್ಯಾಪಾರಿ ಮತ್ತೆ ಓಣಿಗೆ ಬಂದಾಗ ಒಳಗೆ ಕರೆದು ತೋರಿಸಿದೆವು. ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನಕ್ಕ.

"ಸುತ್ತಿ ಇಡ್ರಿ ಅಂದಿದ್ದೆ, ಅಕ್ಕಾರ. ಮಡಚ್ರಿ ಅಂತ ಯಾರ ಹೇಳಿದ್ರು?"

"ನೀವ ಹೇಳಿದ್ರಿ. ಹೆಗಲ ಮ್ಯಾಲೆ ಹಾಕ್ಕೊಂಡು ಕುಣದ್ರೆಲ್ಲ, ಮರತ್ರೇನು?" ಎಂದೆ.

ಅವನು ದನಿ ತಗ್ಗಿಸಿದ. "ಹೋಗ್ಲಿ ಬಿಡ್ರಿ. ಆಯಿ, ಹೊರಗ ಮಂದಿ ಕೂಡ್ಯಾರ. ಛಲೋ ಐತಿ ಅಂತ ಒಂದ ಮಾತ ಹೇಳ್ರಿ. ಹೊಸಾದು ರೊಕ್ಕಾ ಇಲ್ಲದ ಹಂಗ ಕೊಡ್ತೀನಿ."

ಮನೆಯವರು "ಹೇಳಬೇ, ಏನ ಹೋಗತೈತಿ?" ಎಂದರು. ಅತ್ತೆ ಮಗನ ಮುಖವನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಮಗ್ಗ ಉಳಿಯಲು ಅದೊಂದೇ ದಾರಿ ಎಂದು ಅವರಿಗೂ ಗೊತ್ತಿತ್ತು. ಸೆರಗು ಸರಿಪಡಿಸಿಕೊಂಡು ಹೊರಗೆ ಹೋದರು.

"ತಗೋಬ್ಯಾಡ್ರಬೇ," ಎಂದರು. "ನಮ್ಮದು ಕೆಟ್ಟ ನಾರಾಕತ್ತೈತಿ."

ವ್ಯಾಪಾರಿ ಗಲಿಬಿಲಿಗೊಳ್ಳಲೇ ಇಲ್ಲ. "ಸೋಲಾರ್‌ಗೆ ಸೀರಿಗತೆ ಘಡಿ ಹಾಕಿದ ಆಯಿ ಇವರ ನೋಡ್ರಿ!" ಎಂದ. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಮೂರ್ನಾಲ್ಕು ಮನೆಯವರು ಕೊಂಡರು. ಅವನ ನಗುವಿಗಿಂತ ಅವರ ನಗು ನನಗೆ ಹೆಚ್ಚು ಹೇಸಿಗೆ ತಂದಿತು.

ಕರೆಂಟ್ ಇದ್ದಾಗಷ್ಟೇ ನೇಯ್ದು ಅತ್ತೆ ಕೈಲಿದ್ದ ಸೀರೆ ಮುಗಿಸಿದರು. "ಮಗ್ಗಾ ತಗೀರಪಾ ಇನ್ನ" ಎಂದು ತಾವೇ ಹೇಳಿದರು. ಮನೆಯವರು ಕುಣಿಗೆ ಮಣ್ಣು ತುಂಬಿಸಿದರು.

ಮುಂದೊಂದು ದಿನ ಅತ್ತೆ ಕಟ್ಟೆಯ ಮೇಲೆ ಮೊರದಲ್ಲಿ ಬೇಳೆ ಆರಿಸುತ್ತಿದ್ದಾಗ ಪಕ್ಕದ ಮನೆಯವಳು ಬಂದು, "ನಿಮ್ಮ ಬ್ಯಾಟರಿನೂ ಉಬ್ಬಿತ್ತೇನ್ರಿ?" ಎಂದು ಕೇಳಿದಳು.

ಅತ್ತೆ ತಲೆ ಎತ್ತಲಿಲ್ಲ. "ಹೇಳಿದ್ನೆಲ್ಲಬೇ," ಎಂದರು. "ಅವತ್ತ ನಗಾಕತ್ತಿದ್ದಿ."