ಬೆಳ್ಳಿ ಕರಡಿಗೆಯಂತೆ ತಿಕ್ಕಿದ ಮೆಮರಿ

1999ರಲ್ಲಿ ನಾನು ಕಲಬುರಗಿಯ ಸೇಡಂ ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಹೆಸರಿಗಷ್ಟೇ ಎಂಜಿನಿಯರ್. ಓದಿದ್ದು ಡಿಪ್ಲೊಮಾ, ಕೈಯಲ್ಲಿದ್ದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಬೇಕಾದ್ದಕ್ಕಿಂತ ಹೆಚ್ಚು ಮಾತು. ಯಂತ್ರದ ಪ್ರತಿ ಭಾಗವನ್ನೂ ಗಿರಾಕಿಯ ಮನೆ ಸಾಮಾನಿಗೆ ಹೋಲಿಸಿ ವಿವರಿಸುವ ಚಟ ನನಗಿತ್ತು. ಅದನ್ನೇ ಜಾಣತನ ಎಂದು ತಿಳಿದಿದ್ದೆ.

ಆ ಜೂನ್‌ನಲ್ಲಿ ಕಮಲಾಪುರದಿಂದ ಶರಣಪ್ಪ ಮಾಸ್ತರರ ಫೋನ್ ಬಂತು. ನಿವೃತ್ತ ಶಿಕ್ಷಕರಾದ ಅವರು, ಅಕ್ಕ ಗಂಗಮ್ಮ ಹಾಡುವ ಬೀಸುವ ಪದಗಳನ್ನು, ಅಂದರೆ ಬೀಸುಕಲ್ಲಿನ ಹಾಡುಗಳನ್ನು, ಎರಡು ವರ್ಷಗಳಿಂದ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ಅಕ್ಕ ಹಾಡುವುದು, ತಮ್ಮ ನೇರವಾಗಿ ಟೈಪ್ ಮಾಡುವುದು. ಮನೆಯಲ್ಲಿ ಪ್ರಿಂಟರ್ ಇರಲಿಲ್ಲ, ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ. ಮುನ್ನೂರ ನಲವತ್ತು ಪದಗಳಾಗುವ ಹೊತ್ತಿಗೆ ಫೈಲ್ ತೆರೆದರೆ ಸಾಕು, ಯಂತ್ರ ನಿಂತುಬಿಡುತ್ತಿತ್ತು.

ಅದರಲ್ಲಿದ್ದದ್ದು 16 ಎಂಬಿ ಮೆಮರಿ ಮಾತ್ರ. ಕೆಲಸ ನಡೆಯುವಾಗ ಕಂಪ್ಯೂಟರ್ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗವಿದು. ನೋಡಲು ಒಂದು ತೆಳು ಪಟ್ಟಿ, ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಸಂಪರ್ಕಗಳು. ಇನ್ನೊಂದು 16 ಎಂಬಿ ಪಟ್ಟಿ ಒಯ್ದು, ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿ ಸ್ಲಾಟ್‌ನಲ್ಲಿ ಕೂರಿಸಿದೆ. ಫೈಲ್ ಕೂಡಲೇ ತೆರೆಯಿತು.

"ಇದಕ್ಕೂ ನನ್ನಂಗ ಮರವು ಬಂದಿತ್ತೇನಪ್ಪ?" ಎಂದು ಗಂಗಮ್ಮ ನಕ್ಕರು. ಕೈಗೆ ನಾಲ್ಕು ಕೆಂಪು ಬಾಳೆಹಣ್ಣು ಇಟ್ಟರು.

ಕೊನೆಯ ಬಸ್ಸಿನ ಅವಸರದಲ್ಲಿದ್ದೆ. ಮಳೆಗಾಲದ ಥಂಡಿಗೆ ಸಂಪರ್ಕ ಮಸುಕಾಗಿ ಯಂತ್ರ ಬೀಪ್ ಎನ್ನುವುದುಂಟು. ಗಂಗಮ್ಮನ ಕೊರಳಲ್ಲಿ ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆ ಹೊಳೆಯುತ್ತಿತ್ತು. ಚಟ ಸುಮ್ಮನಿರಲಿಲ್ಲ. "ಬೀಪ್ ಅಂದ್ರ ಹೆದರಬ್ಯಾಡ್ರಿ. ಕರೆಂಟ್ ತಗದು, ಪಟ್ಟಿ ಹೊರಗ ತಗೀರಿ. ಕರಡಿಗಿ ತಿಕ್ಕಿದಂಗ ತಿಕ್ಕಿ ಮತ್ತ ಕೂಡಿಸ್ರಿ," ಎಂದೆ. ಇಬ್ಬರೂ ತಲೆಯಾಡಿಸಿದರು.

ಆಗಸ್ಟ್‌ನಲ್ಲಿ ಮಾಸ್ತರರು ಮತ್ತೆ ಕರೆದರು. ಬೀಪ್ ಬಂದಿತ್ತು, ನಾನು ಹೇಳಿದಂತೆ ಮಾಡಿದ್ದರು, ಯಂತ್ರ ಚಾಲೂ ಆಗಿತ್ತು. ಒಂಬತ್ತು ದಿನ ನಡೆದು, ಅಲ್ಲೊಂದು ಇಲ್ಲೊಂದು ವಿಚಿತ್ರ ಅಕ್ಷರ ಕಾಣಿಸಿ, ಕೊನೆಗೆ ಫೈಲೇ ತೆರೆಯದಾಯಿತು. ಹೋಗಿ ಕ್ಯಾಬಿನೆಟ್ ಬಿಚ್ಚಿದೆ. ಸ್ಲಾಟ್ ತುಂಬ ಬಿಳಿ ಪುಡಿ ಮೆತ್ತಿಕೊಂಡಿತ್ತು.

"ಇದೇನವ್ವ?"

"ವಿಭೂತಿ. ಕರಡಿಗಿ ಅದರಾಗೇ ತಿಕ್ಕತೀವಲ್ಲ," ಎಂದರು ಗಂಗಮ್ಮ. "ನೀನೇ ಹೇಳಿದ್ದಿಯಲ್ಲಪ್ಪ. ನಾನೇ ಕುಂತು ತಿಕ್ಕೀನಿ."

ಪುಡಿಯಿಂದ ಸಂಪರ್ಕ ಒಮ್ಮೆ ತಾಗಿ ಒಮ್ಮೆ ತಪ್ಪಿ, ಮೆಮರಿಯಲ್ಲಿ ಕೆಟ್ಟ ಅಕ್ಷರಗಳೇ ಪ್ರತಿದಿನ ಹಾರ್ಡ್ ಡಿಸ್ಕ್‌ಗೆ ಉಳಿಯುತ್ತ ಹೋಗಿದ್ದವು. ಮಾಸ್ತರರು ಶಿಸ್ತಿನ ಮನುಷ್ಯ. ದಿನಾ ಸಂಜೆ ತಪ್ಪದೆ ಅದೇ ಎರಡು ಫ್ಲಾಪಿಗೆ ನಕಲು ಮಾಡುತ್ತಿದ್ದರು. ಹಾಗಾಗಿ ಕೆಟ್ಟ ಫೈಲು ಒಳ್ಳೆಯದರ ಮೇಲೆಯೇ ಕುಳಿತಿತ್ತು.

ಡಿಸ್ಕನ್ನು ಕಲಬುರಗಿಗೆ ತಂದು ಮೂರು ದಿನ ಗುದ್ದಾಡಿದೆ. ಗೊತ್ತಿದ್ದವರನ್ನೆಲ್ಲ ಕೇಳಿದೆ. ಸಿಕ್ಕಿದ್ದು ಇಪ್ಪತ್ತೇಳು ಪದ. ಅಷ್ಟೇ. ಮಾಡಲು ಏನೂ ಉಳಿದಿರಲಿಲ್ಲ.

ಪ್ರಿಂಟ್ ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ಮತ್ತೊಮ್ಮೆ ಹಾಡಿ ಬರೆಸಿದರಾಯಿತು ಎಂದು ನಾಚಿಕೆಯಿಲ್ಲದೆ ಹೇಳಿದೆ. ಗಂಗಮ್ಮ ಕಣ್ಣು ಮುಚ್ಚಿ ಒಂದು ಪದ ಎತ್ತಿದರು. ಎರಡನೆಯ ಸಾಲಿಗೆ ನಿಂತರು. ಇನ್ನೊಂದು ಎತ್ತಿದರು, ಅದೂ ನಿಂತಿತು.

"ಬೀಸೂಕಲ್ಲು ತಿರುಗಿದ್ರ ತಾವೇ ಬರತಿದ್ದವು," ಎಂದರು. "ಕಲ್ಲು ಬಿಟ್ಟು ಇಪ್ಪತ್ತು ವರ್ಷ ಆತು. ಎರಡು ವರ್ಷ ಜಗ್ಗಿ ಜಗ್ಗಿ ಹೊರಗ ತಗದಿದ್ದೆ. ಇದರಾಗ ಅದಾವಲ್ಲ ಅಂತ ಆಮ್ಯಾಲ ನಾ ನೆನಪಿಡೂದು ಬಿಟ್ಟೆ."

ಮಾಸ್ತರರು ಕೀಬೋರ್ಡಿನ ಮೇಲಿನ ಬಟ್ಟೆ ಸರಿಪಡಿಸುತ್ತ ಕುಳಿತಿದ್ದರು. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಗಂಗಮ್ಮನೇ ಕೇಳಿದರು: "ನಾ ಸರಿ ತಿಕ್ಕಲಿಲ್ಲೇನಪ್ಪ?"

"ನೀವು ಚೊಲೊ ತಿಕ್ಕೀರಿ, ಅವ್ವ. ಹೇಳಾಂವ ನಾ ತಪ್ಪು ಹೇಳೀನಿ."

ಅವರು ನಂಬಿದಂತೆ ಕಾಣಲಿಲ್ಲ.

ಆಮೇಲೆ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದೆ. ಹೋಲಿಕೆ ಕೊಡುವುದನ್ನು ಬಿಟ್ಟೆ. ಮೆಮರಿ ಹಾಕಿದ ಮನೆಯಲ್ಲೆಲ್ಲ ಒಂದು ರಬ್ಬರ್ ಕೊಟ್ಟೆ. ಗಿರಾಕಿ ತಲೆಯಾಡಿಸಿದ್ದಕ್ಕೆ ಸಮಾಧಾನಪಡದೆ, ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿದೆ. ಕಮಲಾಪುರದಲ್ಲಿ ಆ ದಿನ ಬಸ್ಸು ತಪ್ಪಿದರೂ ಸರಿ ಎಂದು ಎರಡು ನಿಮಿಷ ನಿಂತು, "ಎಲ್ಲಿ, ತಿಕ್ಕಿ ತೋರಸ್ರಿ" ಎಂದಿದ್ದರೆ, ಗಂಗಮ್ಮ ದೇವರ ಜಗಲಿಯಿಂದ ವಿಭೂತಿ ಗಟ್ಟಿ ತರುವುದನ್ನು ಕಣ್ಣಾರೆ ನೋಡುತ್ತಿದ್ದೆ.